ಕರಿದಾರದ ಹಾಸಿಗೆ

ಕರಿದಾರದ ಹೊಲಿಗೆಯಿರುವ ಹಾಸಿಗೆ ಬಿಚ್ಚಬೇಡ, ಹಾಗೇ ಸುಟ್ಟುಬಿಡು ಎಂದು ಅಜ್ಜ ಹೇಳಿದ್ದು ಒಂದು ಸಲವಲ್ಲ, ಮೂರು ಸಲ. ಮಾಟಕ್ಕೆ ಬಲಿಯಾದವರ ಹಾಸಿಗೆಗೆ ಹಾಸಿಗೆ ಹೊಲಿಯುವ ಕಸುಬಿನವರು ಹಾಕುವ ಗುರುತು ಅದು.

"ಕರಿದಾರ ಬಿಚ್ಚಿದವನೇ ಒಳಗಿರೋದನ್ನ ಕೈಯಾರೆ ತೆಗೆದು ಸುಡಬೇಕು. ಬೇರೆಯವರು ಸುಟ್ರೆ, ಅದು ಬಿಚ್ಚಿದವನನ್ನ ಹುಡುಕ್ಕೊಂಡು ಹೋಗತ್ತೆ."

ಹೇಳಿದ್ದು ಕಿರಿಯ ಅಳಿಯನಿಗೆ. ಅಜ್ಜನ ಹಾಸಿಗೆ ಅಂಗಡಿಗೆ ಬಂದು ತಿಂಗಳಾಗಿರಲಿಲ್ಲ, ಜಂಭ ಮಾತ್ರ ನೆತ್ತಿಗೇರಿತ್ತು. ಒಳ್ಳೇ ಹತ್ತಿ ಸುಡೋಕೆ ನಂಗೇನು ತಲೆ ಕೆಟ್ಟಿದೆಯಾ ಎಂದು ನಕ್ಕ. ಮುದುಕ ಅತ್ತ ತಿರುಗಿದ್ದೇ ತಡ, ಕತ್ತರಿ ಹಾಕಿದ. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಬಂತು. ಹತ್ತಿಯ ನಡುವೆ ಕರಿದಾರ ಸುತ್ತಿದ ಕೂದಲುಂಡೆ. ಅದನ್ನು ಆರಿಸಿ ತೆಗೆಯುವಷ್ಟೂ ವ್ಯವಧಾನವಿಲ್ಲದೆ, ಹತ್ತಿಯ ಜೊತೆಗೇ ತೊಟ್ಟಿಲ ಹಾಸಿಗೆಗೆ ತುರುಕಿ ಹೊಲಿದ. ಯಾರ ತೊಟ್ಟಿಲು? ಹೆಂಡತಿಯ ಅಕ್ಕನ ಕೂಸಿನದು. ತನ್ನ ಕೂಸಾಗಿದ್ದರೆ ತುರುಕುತ್ತಿದ್ದನೇ?

ನೋಡಿದವಳು ಕೂಸಿನ ಅಕ್ಕ, ಆರು ವರ್ಷದ ಚೋಟಿ. ಅವನ ಬಾಯಲ್ಲಿ ಅವಳು ಪುಕ್ಕಲಿ. ಅಂಗಡಿಯ ಹಿಂದಿನ ಹತ್ತಿಕೋಣೆಗೆ ಕಿಟಕಿಯಿಲ್ಲ. ಅವಳು ಒಳಗೆ ಹೋದರೆ ಸಾಕು, ದೀಪ ಆರಿಸಿ, ಹೊರಗಿನಿಂದ ಚಿಲಕ ಹಾಕಿ, "ಕತ್ತಲೆ ಯಾರನ್ನೂ ತಿನ್ನಲ್ಲ ಕಣೇ" ಎಂದು ನಗುತ್ತಿದ್ದ. ಮಗುವನ್ನು ಅಳಿಸಿ ನಗುವವನನ್ನು ಗಂಡಸು ಅಂತ ಬೇರೆ ಕರೆಯಬೇಕು, ಥೂ!

ಮೂರನೆಯ ದಿನ ಕೂಸು ಹಾಲು ಬಿಟ್ಟಿತು. ಕೆಮ್ಮಿದರೆ ಬಾಯಿಂದ ಹತ್ತಿಯ ಎಳೆ ಬರುತ್ತಿತ್ತು. ಡಾಕ್ಟರು ಬಂದು ತಲೆಯಾಡಿಸಿ ಹೋದರು. ಅಜ್ಜ ಕೇಳಿದಾಗ, ಆ ಹಾಸಿಗೆ ಅವತ್ತೇ ಸುಟ್ಟೆ ಎಂದು ಅಳಿಯ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ. ಇಲ್ಲ, ತೊಟ್ಟಿಲಿಗೆ ತುಂಬಿದ್ದಾನೆ ಎಂದು ಚೋಟಿ ಅತ್ತಳು. ಪುಕ್ಕಲಿಗೆ ಎಲ್ಲೆಲ್ಲೂ ದೆವ್ವ ಕಾಣುತ್ತೆ ಎಂದು ಅವಳ ಬಾಯಿ ಮುಚ್ಚಿಸಿದ. ಆಮೇಲೆ ಯಾರಿಗೂ ಗೊತ್ತಾಗದಂತೆ ತೊಟ್ಟಿಲ ಹಾಸಿಗೆಯನ್ನು ಹತ್ತಿಕೋಣೆಯಲ್ಲಿ ಬಚ್ಚಿಟ್ಟ. ಚೋಟಿಯ ಕಣ್ಣು ಮಾತ್ರ ತಪ್ಪಿಸಲಾಗಲಿಲ್ಲ.

ಮಧ್ಯಾಹ್ನಕ್ಕೆ ತಮ್ಮನ ತುಟಿ ನೀಲಿಯಾಯಿತು. ಚೋಟಿ ಅಜ್ಜನ ಕತ್ತರಿ ಎತ್ತಿಕೊಂಡಳು. ಹತ್ತಿಕೋಣೆಗೆ ನುಗ್ಗಿದಳು. ಆ ಪುಟ್ಟ ಎದೆಯಲ್ಲಿ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು.

ಕೋಣೆಯಲ್ಲಿ ಹತ್ತಿರಾಶಿ ಉಸಿರಾಡುತ್ತಿತ್ತು. ಉಫ್... ಉಫ್... ಅವಳು ಹೊಲಿಗೆ ಕತ್ತರಿಸಿದಳು. ಕೈ ಹಾಕಿದಳು. ಬಿಸಿ. ಒದ್ದೆ. ಏನೋ ಬೆರಳು ಹಿಡಿಯಿತು. ಬಾಗಿಲಲ್ಲಿ ಅಳಿಯ ನಿಂತಿದ್ದ.

"ಚಿಕ್ಕಪ್ಪಾ, ನನ್ನ ಹಿಡ್ಕೋ."

ಅವನು ನೋಡಿದ. ಬಾಗಿಲು ಎಳೆದುಕೊಂಡ. ಚಿಲಕ ಹಾಕಿದ. ದೀಪವೂ ಹೋಯಿತು.

ಕತ್ತಲೆ. ಮೂಗಿಗೆ ಹತ್ತಿ. ಬಾಯಿಗೆ ಹತ್ತಿ. ಅದು ಕಚ್ಚಿತು. ಅವಳು ಅವುಡುಗಚ್ಚಿ ಎಳೆದಳು. ಮತ್ತೆ ಎಳೆದಳು. ಬಂತು! ಬಾಗಿಲಿಗೆ ದಬದಬ ಒದ್ದಳು. ಚಿಲಕ ತೆಗೆದದ್ದು ಅಜ್ಜ. ಅವಳು ಓಡಿಹೋಗಿ ಉಂಡೆಯನ್ನು ಒಲೆಗೆ ಎಸೆದಳು. ಒಳಮನೆಯಲ್ಲಿ ತಮ್ಮ ಕಿಟಾರನೆ ಕಿರುಚಿ ಅತ್ತ.

ಅವಳ ಬಲಗೈಯ ಎರಡು ಬೆರಳು ಕಪ್ಪಾಗಿ ಮಡಚಿಕೊಂಡವು, ಮತ್ತೆ ನೆಟ್ಟಗಾಗಲೇ ಇಲ್ಲ.

ಈಗ ಅಳಿಯ ಹತ್ತಿಕೋಣೆಯಲ್ಲಿ, ಬರೀ ನೆಲದ ಮೇಲೆ ಬಿದ್ದಿರುತ್ತಾನೆ. ಹೆಂಡತಿ ಮನೆಯೊಳಗೆ ಸೇರಿಸುತ್ತಿಲ್ಲ. ಬೆನ್ನ ಕೆಳಗಿನ ನೆಲ ಉಫ್ ಎನ್ನುತ್ತದಂತೆ. ಕೆಮ್ಮಿ ಕೆಮ್ಮಿ ಹತ್ತಿ ಉಗುಳುತ್ತಾನೆ. ಚೋಟಿ ಅವನಿಗೆ ನೀರಿಟ್ಟು ಬರಲು ಹೋದಳು.

"ದೀಪ ಆರಿಸಬೇಡ ಪುಟ್ಟೀ," ಎಂದು ಅವನು ಕೈಮುಗಿದ.

"ಕತ್ತಲೆ ಯಾರನ್ನೂ ತಿನ್ನಲ್ಲ, ಚಿಕ್ಕಪ್ಪ."

ಹೊರಗೆ ಬಂದು, ಮಡಚಿದ ಬೆರಳಿನಿಂದಲೇ ಸ್ವಿಚ್ ಒತ್ತಿ, ಚಿಲಕ ಹಾಕಿದಳು.