ಕುಂಕುಮ ಹಚ್ಚಿದ ಟಿಕೆಟು

ಗೇಟಿನ ಮಷೀನು ಕುಂಯ್ ಎನ್ನಲೇ ಇಲ್ಲ.

ಗೇಟಿನ ಅಣ್ಣ ಹೇಮಾಶ್ರೀಯ ಟಿಕೆಟನ್ನು ತಿರುಗಿಸಿ ಹಿಡಿದ. ಅಂಗಿಯ ತುದಿಯಲ್ಲಿ ಒರೆಸಿ ಹಿಡಿದ. ಊಹೂಂ. ಅಮ್ಮನ ಟಿಕೆಟಿಗೂ ಅದು ಬಾಯಿ ಬಿಡಲಿಲ್ಲ.

"ಏನಿದು ಮೇಡಂ, ಕೋಡ್ ಮೇಲೆಲ್ಲ ಕೆಂಪಗಿದೆ?" ಎಂದ.

ಹೇಮಾಶ್ರೀ ಇಣುಕಿದಳು. ಟಿಕೆಟಿನ ಮೂಲೆಯ ಕಪ್ಪುಬಿಳಿ ಚೌಕದ ಮೇಲೆ ಕುಂಕುಮ ಮೆತ್ತಿ ಒಣಗಿತ್ತು. ಅವಳೂ ಅಮ್ಮನೂ ಒಟ್ಟಿಗೇ ಅಜ್ಜಿಯ ಕಡೆ ತಿರುಗಿದರು.

ರುದ್ರಮ್ಮಜ್ಜಿ ಬುತ್ತಿಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. "ಆಯುಧಪೂಜೆ ದಿವಸ ಇಟ್ಟಿದ್ದು ಕಣೇ. ಆ ಚೌಕ ರಂಗೋಲಿ ಥರ ಐತಲ್ಲ, ಅದಕ್ಕೇ ನಡುವೆ ಇಟ್ಟೆ."

ಹೇಮಾಶ್ರೀಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಈ ಆಟದ ಪಾರ್ಕಿಗೆ ತೆಗೆಸಿದ ಟಿಕೆಟುಗಳು ಅವು, ಎರಡು ದಿನದವು. ಮೊದಲನೇ ದಿನ ಆಡಿದ್ದಾಯಿತು. ಸಂಜೆ ಇವಳ ಸರದಿ ಬರುವಷ್ಟರಲ್ಲಿ ಜೈಂಟ್ ವೀಲ್ ನಿಲ್ಲಿಸಿಬಿಟ್ಟಿದ್ದರು. ಮರುದಿನ ಮಳೆ. ಉಳಿದ ದಿನಕ್ಕೆ ವರ್ಷದೊಳಗೆ ಯಾವಾಗಲಾದರೂ ಬನ್ನಿ ಎಂದಿದ್ದರು. ಆ ವರ್ಷ ಇವತ್ತಿಗೆ ಮುಗಿಯುತ್ತಿತ್ತು.

ಹೊರಡೋಣ ಎಂದಾಗಲೆಲ್ಲ ಅಜ್ಜಿಯದು ಒಂದಲ್ಲ ಒಂದು ತಕರಾರು. ಒಂದು ಸಲ ಅಮಾವಾಸ್ಯೆ, ಇನ್ನೊಂದು ಸಲ ಕೊಬ್ಬರಿ ಸುಲಿಯುವ ಆಳು ಬರುತ್ತಾರೆ. ಇವತ್ತೂ ಅಷ್ಟೇ. ಅಜ್ಜಿಯ ಪೂಜೆ ಮುಗಿಯುವವರೆಗೆ ಜಾವಗಲ್ಲಿನಲ್ಲಿ ಬಸ್ಸು ಕಾಯುತ್ತದೆಯೇ? ಮುಂದಿನ ಬಸ್ಸು ಹಿಡಿದು ಹಳೇಬೀಡಿಗೆ ಬಂದರೆ, ಗೆಳತಿ ದ್ಯಾವಮ್ಮನ ಮನೆಗೆ ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾಳೆಂದು ಅಜ್ಜಿ ಅಲ್ಲಿಗೆ ಎಳೆದುಕೊಂಡು ಹೋದಳು. ಕಾಫಿ, ಅರಿಶಿನ ಕುಂಕುಮ, ಮಗಳ ಮದುವೆ ಆಲ್ಬಮ್ಮು. ಹಗರೆಯ ಹತ್ತಿರದ ಈ ಪಾರ್ಕು ತಲುಪುವಾಗ ಬಿಸಿಲು ನೆತ್ತಿಗೇರಿತ್ತು.

ಅಷ್ಟರಲ್ಲಿ ಕುಂಯ್!

ಅಜ್ಜಿಯ ಟಿಕೆಟಿಗೆ ಹಸಿರು ದೀಪ ಹತ್ತಿತು. ಅದರ ಮೇಲೆ ಒಂದು ಚೂರೂ ಕೆಂಪಿರಲಿಲ್ಲ.

"ನಮ್ಮದು ಹಾಳು ಮಾಡಿ ನಿಂದು ಮಾತ್ರ ಚೆನ್ನಾಗಿಟ್ಟುಕೊಂಡಿದೀಯ!" ಹೇಮಾಶ್ರೀ ರೇಗಿದಳು.

"ನನ್ನದಕ್ಯಾಕೆ ಇಡಲಿ ಮಗಾ? ಎತ್ತರದ ಆಟ ಆಡೋರು ನೀವು. ನಿಮಗೇನೂ ಆಗಬಾರದು ಅಂತ ಇಟ್ಟಿದ್ದು."

ಗೇಟಿನ ಅಣ್ಣ ಪರದೆ ನೋಡುತ್ತ ಹುಬ್ಬೇರಿಸಿದ. "ಇವರದ್ದು ಎರಡು ದಿನಾನೂ ಹಾಗೇ ಇದೆ. ಹೋದ್ಸಲ ಅಜ್ಜಿ ಬಂದಿರಲಿಲ್ವಾ?"

ಬಂದಿದ್ದರಲ್ಲ ಎನ್ನಲು ಹೊರಟ ಹೇಮಾಶ್ರೀಗೆ ಆವತ್ತಿನದು ನೆನಪಾಯಿತು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದು ಗೇಟಿನಲ್ಲಿ ಚೀಲ ತಡೆದಿದ್ದರು. ನೀವು ನಡೀರಿ, ಹಿಂದೇ ಬತ್ತೀನಿ ಎಂದಿದ್ದಳು ಅಜ್ಜಿ. ಮಧ್ಯಾಹ್ನ ಆಚೆ ಬಂದು ಅವಳ ಜೊತೆ ಹೊಂಗೆಮರದ ಕೆಳಗೆ ರೊಟ್ಟಿ ತಿಂದಿದ್ದರು. ತಿಂದವಳೇ ಹೇಮಾಶ್ರೀ ಒಳಗೆ ಓಡಿದ್ದಳು.

ಇವರಿಬ್ಬರ ಹೆಸರು ಕಂಪ್ಯೂಟರಿನಲ್ಲಿ ಹುಡುಕಬೇಕು, ಆಫೀಸಿಗೆ ಹೋಗಿ ಎಂದ ಗೇಟಿನವನು. ಅಮ್ಮ ಗೊಣಗುತ್ತ ಹೊರಟಳು. ಅಜ್ಜಿ ಹಸಿರು ದೀಪವನ್ನೇ ನೋಡುತ್ತಿದ್ದಳು.

"ಇವತ್ತು ಹೋಗದಿದ್ರೆ ಇದು ಹಾಳಾಯ್ತದೇನಪ್ಪ?"

"ಹೌದಜ್ಜಿ. ಇವತ್ತೇ ಕೊನೆ."

ಹಾಳಾಗುವುದೆಂದರೆ ಅಜ್ಜಿಗೆ ಆಗದು. ಮನೆಯಲ್ಲಿ ತಂಗಳನ್ನವನ್ನೂ ಬಿಡುವವಳಲ್ಲ. ಚೀಲವನ್ನು ಮೊಮ್ಮಗಳ ಕೈಗೆ ಕೊಟ್ಟಳು. "ನಾಯಿ ಬತ್ತವೆ, ನೋಡ್ಕೊ" ಎಂದು ಹಸಿರು ಸೀರೆಯ ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದೇಬಿಟ್ಟಳು.

ಹೇಮಾಶ್ರೀ ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ಕೂತಳು. ಒಳಗಿಂದ ಮಕ್ಕಳ ಕೇಕೆ, ಹಾಡು, ನೀರಿನ ಸದ್ದು ಬರುತ್ತಿತ್ತು. ಗೋಡೆಯಿಂದ ಈಚೆ ಏನೂ ಇರಲಿಲ್ಲ. ಬಾಯಾರಿಕೆಯಾಯಿತು. ನಲ್ಲಿ ಆ ತುದಿಯಲ್ಲಿತ್ತು. ಎದ್ದರೆ ಆಗಲೇ ಹೊಂಚು ಹಾಕುತ್ತಿದ್ದ ಕಂದುನಾಯಿ ಚೀಲಕ್ಕೆ ಬಾಯಿ ಹಾಕುತ್ತಿತ್ತು. ನೆರಳು ಸರಿದು ಕಾಲಿಗೆ ಬಿಸಿಲು ಬಿತ್ತು. ಕಾಲು ಮಡಿಸಿಕೊಂಡಳು. ಹೊತ್ತು ಹೋಗುತ್ತಲೇ ಇರಲಿಲ್ಲ.

ಆವತ್ತು ಇವಳು ಸಂಜೆಯವರೆಗೂ ಆಡಿದ್ದಳು.

ಕೊನೆಗೂ ಅಮ್ಮ ಬೆವರು ಒರೆಸುತ್ತ ಬಂದಳು. "ಸಿಕ್ತು ಕಣೇ ಹೆಸರು. ಬೇಗ ಬಾ, ಮೊದಲು ಜೈಂಟ್ ವೀಲ್‌ಗೇ ಹೋಗೋಣ. ಚೀಲಾನ ಅತ್ತೆ ಹತ್ರ ಕೊಟ್ಟು..."

ಹೇಮಾಶ್ರೀ ಗೋಡೆಯಾಚೆ ಬೆರಳು ತೋರಿಸಿದಳು. ಜೈಂಟ್ ವೀಲಿನ ಒಂದು ಡಬ್ಬಿ ಮೇಲೇರುತ್ತಿತ್ತು. ಅದರ ಅಂಚಿನಲ್ಲಿ ಹಸಿರು ಸೆರಗು ಹಾರಾಡುತ್ತಿತ್ತು.

ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ನೀನು ಹೋಗಮ್ಮ," ಎಂದಳು ಹೇಮಾಶ್ರೀ. "ಅಜ್ಜಿಗೆ ಇನ್ನೊಂದು ರೌಂಡ್ ಹೋಗು ಅಂತ ಹೇಳು. ಚೀಲ ನಾನು ನೋಡ್ಕೋತೀನಿ."

ಡಬ್ಬಿ ತುತ್ತತುದಿಗೆ ಬಂದು ನಿಂತಿತು. ಅಲ್ಲಿಂದ ಕೈಯೊಂದು ಎದ್ದಿತು, ಬೀಸಲಿಕ್ಕೋ ಸೆರಗು ಹಿಡಿಯಲಿಕ್ಕೋ ಗೊತ್ತಾಗಲಿಲ್ಲ. ಹೇಮಾಶ್ರೀ ಕಲ್ಲಿನ ಮೇಲೆ ಹತ್ತಿ ನಿಂತು, ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈ ಬೀಸಿದಳು.