ಒಡ್ಯಾಣ ಕಳೆದುಕೊಂಡ ಬೆಳ್ಳಿ ನಾಣ್ಯ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಇಬ್ಬರೂ ದೂರು ಕೊಡಲೆಂದೇ ಬಂದವರು. ಅಕ್ಕ ಬಂದದ್ದು ನಾಣ್ಯ ಪರೀಕ್ಷೆಯ ಅಂಗಡಿಯವರ ಮೇಲೆ ದೂರು ಕೊಡಲು. ತಮ್ಮ ಬಂದದ್ದು ಅಕ್ಕನ ಮೇಲೆಯೇ ಕೊಡಲು. ಆದರೆ ಬಂದದ್ದು ಮಾತ್ರ ಒಂದೇ ಸ್ಕೂಟರಿನಲ್ಲಿ. ಹಿಂದೆ ಕೂತ ಅಕ್ಕ ದಾರಿಯುದ್ದಕ್ಕೂ ತುಟಿ ಪಿಟಕ್ಕೆಂದಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಇಬ್ಬರಿಗೂ ಕುರ್ಚಿ ತೋರಿಸಿದರು. ಇಬ್ಬರೂ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು.

"ಮೊದಲು ಯಾರು ಹೇಳ್ತೀರಿ?"

"ಅವಳೇ ಹೇಳ್ಲಿ. ದೊಡ್ಡವಳಲ್ವಾ," ಎಂದ ತಮ್ಮ, ಕಿಟಕಿ ಕಡೆ ನೋಡುತ್ತಾ.

ಅಕ್ಕ ಬಟ್ಟೆ ಹೊಲಿಯುವವಳು, ತಮ್ಮ ಬಸ್ ಚಾಲಕ. ತೀರಿಕೊಂಡ ತಾಯಿ ಇಬ್ಬರಿಗೂ ಸೇರಿ ಬಿಟ್ಟುಹೋದದ್ದು ಒಂದು ಹಳೆಯ ಬೆಳ್ಳಿ ನಾಣ್ಯ. ಕಡಲಾಚೆಯ ವ್ಯಾಪಾರಕ್ಕೆಂದೇ ಒಂದು ಕಾಲದಲ್ಲಿ ಟಂಕಿಸಿದ್ದು. ಒಂದು ಬದಿಯಲ್ಲಿ ನಿಂತ ಹೆಂಗಸು, ಇನ್ನೊಂದು ಬದಿಯಲ್ಲಿ ಹಾಯಿ ಹಡಗು. ತಮ್ಮ ಚಿಕ್ಕವನಿದ್ದಾಗ ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿ ಪೆಟ್ಟಿಗೆಗೆ ಹಾಕಿ ಮರೆತಿದ್ದ. ವರ್ಷಗಳಾದ ಮೇಲೆ ತೆಗೆದು ನೋಡಿದರೆ ರಬ್ಬರ್ ಬೆಳ್ಳಿಯ ಮೇಲೆ ಕಪ್ಪು ಪಟ್ಟಿ ಬಿಟ್ಟಿತ್ತು, ಸರಿಯಾಗಿ ಆ ಹೆಂಗಸಿನ ಸೊಂಟಕ್ಕೆ. ತಾಯಿ ಬೈಯಲಿಲ್ಲ. "ಪಾಪ, ನನ್ನ ಮಗ ಅವಳಿಗೆ ಒಡ್ಯಾಣ ಮಾಡಿಸಿ ಹಾಕಿದಾನೆ" ಎಂದು ನಕ್ಕಿದ್ದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಒಡ್ಯಾಣದ ನಾಣ್ಯ ಎಂದೇ ಹೆಸರು.

ನಾಣ್ಯ ಅಸಲಿಯೋ ನಕಲಿಯೋ, ಯಾವ ದರ್ಜೆಯದೋ ತಿಳಿಯೋಣವೆಂದು ಅಕ್ಕ ಅದನ್ನು ಪರೀಕ್ಷೆಗೆ ಕೊಟ್ಟಳು. ವಾರದ ನಂತರ ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿ ವಾಪಸ್ ಬಂತು: ಅಸಲಿ, ಮಧ್ಯಮ ದರ್ಜೆ. ತಮ್ಮ ನೋಡಿದ. ಒಡ್ಯಾಣವೇ ಇರಲಿಲ್ಲ.

"ನಾನೇ ಬದಲಾಯಿಸಿದೀನಿ ಅಂತಾನೆ ಮೇಡಂ. ಹಸುಗೂಸಾಗಿದ್ದಾಗಿಂದ ಎತ್ತಿ ಆಡಿಸಿದ ತಮ್ಮ. ಹದಿನೈದು ದಿನ ಆಯ್ತು, ನನ್ನ ಮನೇಲಿ ಒಂದು ತುತ್ತು ತಿಂದಿಲ್ಲ." ಅಕ್ಕ ಮೇಜಿನ ಕಡೆ ಬಾಗಿದಳು. "ನಂಗೆ ನಾಣ್ಯ ಬೇಡ. ಕಳ್ಳಿ ಅನ್ನೋ ಹೆಸರು ಹೋದ್ರೆ ಸಾಕು."

ತಮ್ಮ ಕಿಟಕಿ ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದ. ಇನ್ಸ್‌ಪೆಕ್ಟರಮ್ಮನಿಗೆ ಇಬ್ಬರನ್ನೂ ಕಂಡು ಅಯ್ಯೋ ಎನ್ನಿಸಿತು. ಅಕ್ಕನ ದೂರಿನ ಮೇಲೆ ವಿಶ್ವಾಸದ್ರೋಹ ಮತ್ತು ವಂಚನೆಯ ಎಫ್‌ಐಆರ್ ದಾಖಲಾಯಿತು. ತಮ್ಮನ ದೂರನ್ನು ಅವರು ಮಡಚಿ ಅವನ ಕೈಗೇ ಕೊಟ್ಟರು. "ಇದನ್ನ ಎರಡು ದಿನ ಜೇಬಲ್ಲೇ ಇಟ್ಕೊಳಪ್ಪಾ. ಬೇಕಾದ್ರೆ ಆಮೇಲೆ ನೋಡೋಣ."

ಪರೀಕ್ಷಕರನ್ನು ಪೇಟೆಯವರೆಲ್ಲ ಒರೆಗಲ್ಲು ಎಂದೇ ಕರೆಯುತ್ತಿದ್ದರು. ನಾಣ್ಯದ ವಿಷಯದಲ್ಲಿ ಅವರ ಮಾತಿನ ಮೇಲೆ ಮಾತಿಲ್ಲ. ನ್ಯಾಯಾಲಯವೂ ತಜ್ಞ ಸಾಕ್ಷಿ ಎಂದು ಕರೆಸುತ್ತಿದ್ದದ್ದು ಅವರನ್ನೇ. ಮಧ್ಯಾಹ್ನ ಇನ್ಸ್‌ಪೆಕ್ಟರಮ್ಮ, ಜೊತೆಗೆ ಎತ್ತರದ ದೆಸೆಯಿಂದ ಲೈಟ್‌ಕಂಬ ಎಂದು ಹೆಸರಾದ ಹೆಡ್ ಕಾನ್‌ಸ್ಟೇಬಲ್, ಅವರ ಅಂಗಡಿಗೆ ಹೋದರು. ಕಿರಿದಾದ ಕೋಣೆ, ಮೇಜಿನ ಮೇಲೆ ಹಸಿರು ಬಟ್ಟೆ, ಸಣ್ಣ ತಕ್ಕಡಿ, ಬಾಗುವ ಕತ್ತಿನ ದೀಪ. ಒಳಗೆ ಬರುವಾಗ ಲೈಟ್‌ಕಂಬ ಬಾಗಿಲಿನ ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಪ್ರತಿ ಕೇಸಿನಲ್ಲೂ ಒಮ್ಮೆ ಅದು ಆಗಲೇಬೇಕು.

"ಆ ಕಪ್ಪು ಪಟ್ಟಿ ಏನಾಯ್ತು?"

"ತೊಳೆದೆ," ಎಂದರು ಒರೆಗಲ್ಲು, ಶಾಂತವಾಗಿ. "ರಬ್ಬರಿನ ಗಂಧಕದ ಕಲೆ ಅದು. ದ್ರಾವಣದಲ್ಲಿ ಅದ್ದಿದ್ರೆ ಹೋಗುತ್ತೆ. ಹೆಂಗಸು ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ. ಹೇಳೋದು ಮರೆತೆ, ತಪ್ಪಾಯ್ತು."

ಸಾಕ್ಷಿಗೆಂದು ಕರೆಸಿದ ಪಂಚರ ಎದುರಿಗೆ ಡಬ್ಬಿ ತೆರೆಸಿದರು. ಒರೆಗಲ್ಲು ನಾಣ್ಯವನ್ನು ತೂಗಿದರು, ಅಂಚಿನ ಗೆರೆಗಳನ್ನು ತೋರಿಸಿದರು, ಬೆರಳ ತುದಿಯ ಮೇಲಿಟ್ಟು ಮೆಲ್ಲಗೆ ಬಡಿದರು. ತೆಳ್ಳಗಿನ ನಾದ ಬಹಳ ಹೊತ್ತು ಕೋಣೆಯಲ್ಲಿ ನಿಂತಿತು. "ಖೋಟಾ ನಾಣ್ಯ ಹೀಗೆ ಹಾಡೋದಿಲ್ಲ ಮೇಡಂ."

ಎಲ್ಲ ಸರಿಯಾಗಿಯೇ ಇತ್ತು. ಪಂಚನಾಮೆ ಬರೆದು, ಲಕೋಟೆಗೆ ಅರಗಿನ ಮುದ್ರೆ ಹಾಕಿ ಹೊರಬಿದ್ದರು.

"ಅಸಲಿ ಅಂದ್ಮೇಲೆ ಮುಗೀತಲ್ವಾ ಮೇಡಂ?" ಎಂದ ಲೈಟ್‌ಕಂಬ ಹಣೆ ಉಜ್ಜಿಕೊಳ್ಳುತ್ತಾ.

"ಅಸಲಿ ಹೌದು. ಅವರದೇ ಹೌದಾ ಅನ್ನೋದು ಪ್ರಶ್ನೆ. ಬೇರೆಯವರ ಮಗೂನ ತಂದು ಕೊಟ್ರೂ ಅದು ಅಸಲಿ ಮಗೂನೇ ತಾನೇ?"

ಮರುದಿನ ಹನ್ನೊಂದಕ್ಕೆ ವಸ್ತುಸಂಗ್ರಹಾಲಯ. ಅಲ್ಲಿ ನಾಣ್ಯ ವಿಭಾಗ ನೋಡಿಕೊಳ್ಳುವ ಅಧಿಕಾರಿಣಿ ಒರೆಗಲ್ಲು ಅವರಲ್ಲೇ ವಿದ್ಯೆ ಕಲಿತವರು. ಪಂಚರ ಎದುರು ಲಕೋಟೆ ಒಡೆದು ಅವರಿಗೆ ನಾಣ್ಯ ತೋರಿಸಿದರು. ವಿಷಯ ಕೇಳಿ ಅವರ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು.

"ತೊಳೆದೆ ಅಂದ್ರಾ? ಮೇಷ್ಟ್ರು?"

"ಯಾಕೆ, ತೊಳೀಬಾರ್ದಾ?"

"ನಾನು ಕಲಿಯೋಕೆ ಸೇರಿದ ಮೊದಲನೇ ದಿನ ಒಂದು ನಾಣ್ಯಾನ ಸೆರಗಲ್ಲಿ ಒರೆಸಿದ್ದೆ. ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ರು. ಬೆಳ್ಳಿ ಮೇಲೆ ಕಾಲ ಕೂರಿಸಿದ ಪದರ ಇರುತ್ತಲ್ಲ, ಅದೇ ಅದರ ಚರ್ಮ. ತೊಳೆದ ನಾಣ್ಯಕ್ಕೆ ದರ್ಜೆನೇ ಇಲ್ಲ. ಇದಕ್ಕೆ ದರ್ಜೆ ಬೇರೆ ಕೊಟ್ಟಿದಾರೆ!"

"ಇದನ್ನ ತೊಳೆದಿಲ್ಲ ಅಂತ ನೀವು ಹೇಳಬಲ್ಲಿರಾ?"

"ಹೇಳಬಲ್ಲೆ. ಆದ್ರೆ ಗುರು ತೊಳೆದೆ ಅಂದು, ಶಿಷ್ಯೆ ಇಲ್ಲ ಅಂದ್ರೆ, ಕೋರ್ಟು ಯಾರನ್ನ ನಂಬುತ್ತೆ?"

ಇನ್ಸ್‌ಪೆಕ್ಟರಮ್ಮನ ಮುಖದಲ್ಲಿ ನಗು ಹರಡಿತು. "ಹಾಗಾದ್ರೆ ಗುರುವನ್ನೇ ಕೇಳೋಣ ಬಿಡಿ."

ಬುಧವಾರ ಮೂರು ಗಂಟೆಗೆ ಸಂಗ್ರಹಾಲಯದ ಉದ್ದ ಮೇಜಿನ ಮೇಲೆ ಅದೇ ಬಗೆಯ ಆರು ನಾಣ್ಯಗಳನ್ನು ಸಾಲಾಗಿ ಇಟ್ಟಿದ್ದರು. ಐದು ಸಂಗ್ರಹಾಲಯದವು, ನಾಲ್ಕನೆಯದು ಮಾತ್ರ ಜಪ್ತಿಯಾದ ಮುದ್ದೆಮಾಲು, ಡಬ್ಬಿಯಿಂದ ತೆಗೆದ ಆ ನಾಣ್ಯ. ಪಂಚರು ಗೋಡೆಯ ಬದಿ ಕೂತಿದ್ದರು. ಕರೆಸಿದ್ದ ಒರೆಗಲ್ಲು ಮೇಜಿಗೆ ಕೂತರು, ಪಕ್ಕದಲ್ಲಿ ಶಿಷ್ಯೆ ಭೂತಗನ್ನಡಿ ಹಿಡಿದು ನಿಂತಿದ್ದರು.

"ಒಂದೊಂದನ್ನೇ ನೋಡಿ ದರ್ಜೆ ಹೇಳಿ. ದಾಖಲೆಗೆ ಬೇಕು," ಎಂದರು ಇನ್ಸ್‌ಪೆಕ್ಟರಮ್ಮ.

ಒರೆಗಲ್ಲು ಅವರಿಗೆ ಖುಷಿಯಾದದ್ದು ಎದ್ದು ಕಾಣುತ್ತಿತ್ತು. ಅಂಚು ಮಾತ್ರ ಹಿಡಿದು, ದೀಪದ ಕೆಳಗೆ ಓಲಾಡಿಸಿ ನೋಡುವರು. ಮೊದಲನೆಯದರ ಕೆನ್ನೆ ಸವೆದಿದೆ. ಎರಡನೆಯದರ ಮೇಲೆ ಹಿಂದಿನ ವರ್ತಕನೊಬ್ಬ ಬೆಳ್ಳಿ ನಿಜವೇ ಎಂದು ನೋಡಲು ಹೊಡೆದ ಸಣ್ಣ ಮುದ್ರೆ. ಮೂರನೆಯದನ್ನು ಕಂಡು ಮೂಗು ಮುರಿದರು. "ಇದನ್ನ ಯಾರೋ ಪುಣ್ಯಾತ್ಮ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಾನೆ. ನೋಡಿ, ಕೂದಲೆಳೆ ಗೀರುಗಳು. ಇದಕ್ಕೆ ದರ್ಜೆ ಇಲ್ಲ."

ನಾಲ್ಕನೆಯದನ್ನು ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ಅವರಿಗೆ ಗುರುತು ಸಿಕ್ಕಿತೆಂದು ಇನ್ಸ್‌ಪೆಕ್ಟರಮ್ಮನಿಗೆ ತಿಳಿಯಿತು. ಸಿಗದೇ ಇರುತ್ತದೆಯೇ? ತಾನು ಸಾಕಿದ ಹಸುವನ್ನು ಮಂದೆಯಲ್ಲಿ ಗುರುತಿಸಲು ಹೊತ್ತು ಬೇಕಿಲ್ಲ. ತೊಳೆದದ್ದು ಎಂದರೆ ಅವರು ಪಾರು. ಒಂದೇ ಮಾತು. ಆದರೆ ಶಿಷ್ಯೆಯ ಭೂತಗನ್ನಡಿ ಅದೇ ನಾಣ್ಯದ ಕಡೆ ಬಾಗಿತ್ತು.

"ಮೇಷ್ಟ್ರೇ, ಇದು?" ಎಂದರು ಶಿಷ್ಯೆ, ಮೆಲ್ಲಗೆ.

ಒರೆಗಲ್ಲು ನಾಣ್ಯವನ್ನು ಬಟ್ಟೆಯ ಮೇಲೆ ಇಟ್ಟರು.

"ಮಧ್ಯಮ ದರ್ಜೆ. ಅಕ್ಷರಗಳ ಸಂದಿಯಲ್ಲಿ ಹಳೇ ಕೊಳೆ ಹಾಗೇ ಇದೆ. ಚರ್ಮ ಮೂಲದ್ದು. ಇದಕ್ಕೆ ಯಾವತ್ತೂ ಯಾರೂ ನೀರು ಮುಟ್ಟಿಸಿಲ್ಲ."

"ನೀವು?"

"ನಾನೂ ಇಲ್ಲ." ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಶ್ಚರ್ಯವೆಂದರೆ, ಮುಖದಲ್ಲಿ ಒಂದು ಹೊರೆ ಇಳಿಸಿದ ನೆಮ್ಮದಿ ಇತ್ತು. "ಕಳ್ಳ ಅನ್ನಿಸ್ಕೊಂಡ್ರೂ ಅನ್ನಿಸ್ಕೊಳ್ತೀನಿ ಮೇಡಂ. ಈ ಹುಡುಗಿ ಮುಂದೆ ದಡ್ಡ ಅನ್ನಿಸ್ಕೊಳ್ಳಲಾರೆ."

"ನಮ್ಮೆದುರು ಹೇಳಿದ ಮಾತು ಕೋರ್ಟಲ್ಲಿ ನಿಲ್ಲಲ್ಲ ಸಾರ್. ಅವರ ನಾಣ್ಯ ಎಲ್ಲಿದೆ?"

"ಬನ್ನಿ, ತೋರಿಸ್ತೀನಿ."

ಅಂಗಡಿಯ ಮೇಜಿನ ಕೆಳ ಖಾನೆಯಲ್ಲಿ, ಹಳೆಯ ಕನ್ನಡಕದ ಪೆಟ್ಟಿಗೆಯೊಳಗೆ, ಮೆತ್ತನೆ ಹತ್ತಿಬಟ್ಟೆಯ ಮಡಿಲಲ್ಲಿ ಅದು ಇತ್ತು. ಪಂಚರು ನೋಡಿದರು, ಲೈಟ್‌ಕಂಬ ಬರೆದುಕೊಂಡ: ಬೆಳ್ಳಿಯ ನಾಣ್ಯ ಒಂದು, ಹೆಂಗಸಿನ ಸೊಂಟಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿ. ನಾಲ್ಕೂ ಐವತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು, ಐದೂ ಹತ್ತಕ್ಕೆ ಬಂಧನವಾಯಿತು. ಹೊರಗೆ ಬರುವಾಗ ಒರೆಗಲ್ಲು ತಾವೇ ಲೈಟ್‌ಕಂಬನಿಗೆ, "ತಲೆ ಜೋಪಾನ," ಎಂದರು.

ಗುರುತು ಹಿಡಿಯಲು ಅಕ್ಕ ತಮ್ಮ ಇಬ್ಬರನ್ನೂ ಕರೆಸಿದರು. ನಾಣ್ಯ ಕಂಡದ್ದೇ ತಮ್ಮ ದೊಡ್ಡ ಗಂಡಸೆಂಬುದನ್ನೂ ಮರೆತು ಬಿಕ್ಕಿದ. "ಅಮ್ಮನ ಒಡ್ಯಾಣ... ಅಕ್ಕಾ, ನನ್ನ ನಾಲಿಗೆ ಸೀಳ್ಬೇಕು."

"ಸೀಳಿದ್ರೆ ಉಣ್ಣೋದು ಹೆಂಗೋ?" ಎಂದಳು ಅಕ್ಕ, ಅವನ ತಲೆಗೆ ಒಂದು ಮೊಟಕಿ. ಅವಳ ಕಣ್ಣೂ ತುಂಬಿತ್ತು. "ಮೊದಲು ಮನೆಗೆ ಬಾ, ಊಟ ಮಾಡು. ಹೊಟ್ಟೆ ತುಂಬಿದ್ಮೇಲೆ ಬೈತೀನಿ."

ಕೋರ್ಟು ಬಿಡುಗಡೆ ಮಾಡುವವರೆಗೆ ನಾಣ್ಯ ಮುದ್ದೆಮಾಲಾಗಿ ಇರಬೇಕೆಂದು ಇನ್ಸ್‌ಪೆಕ್ಟರಮ್ಮ ತಿಳಿಸಿದರು. "ಇರ್ಲಿ ಬಿಡಿ ಮೇಡಂ," ಎಂದಳು ಅಕ್ಕ, "ತಮ್ಮ ಸಿಕ್ಕಿದ್ನಲ್ಲ." ತಮ್ಮ ಜೇಬಿನಿಂದ ಮಡಚಿದ ದೂರು ತೆಗೆದು ಹರಿದು ಬುಟ್ಟಿಗೆ ಹಾಕಿದ. ಸ್ಕೂಟರ್ ತಿರುವು ದಾಟಿದ ಮೇಲೂ ಅಕ್ಕನ ಬೈಗುಳ ಕೇಳಿಸುತ್ತಿತ್ತು. ಊಟದವರೆಗೂ ಕಾಯಲು ಅವಳಿಂದ ಆಗಿರಲಿಲ್ಲ.

ಠಾಣೆಯ ಒಳಗೆ ಒರೆಗಲ್ಲು ಬೆಂಚಿನ ಮೇಲೆ ಕೂತಿದ್ದರು. ಇನ್ಸ್‌ಪೆಕ್ಟರಮ್ಮ ಎದುರಿಗೆ ಕುರ್ಚಿ ಎಳೆದುಕೊಂಡರು.

"ಒಂದು ವಿಷಯ ನಂಗೆ ಅರ್ಥ ಆಗ್ಲಿಲ್ಲ. ಆ ಪಟ್ಟಿ ಒಂದೇ ಗುರುತು. ದ್ರಾವಣ ನಿಮ್ಮ ಕೈ ಹತ್ರಾನೇ ಇತ್ತು. ನಿಜವಾಗ್ಲೂ ಅದ್ದಿಬಿಟ್ಟಿದ್ರೆ ನಾವು ಏನೂ ಸಾಬೀತು ಮಾಡೋಕೆ ಆಗ್ತಿರ್ಲಿಲ್ಲ."

"ಗೊತ್ತಿತ್ತು. ಎರಡು ಸಲ ಬಟ್ಟಲಿಗೆ ಸುರಿದೆ, ಎರಡು ಸಲವೂ ಚೆಲ್ಲಿದೆ." ಅವರು ಬೆರಳ ತುದಿಗಳನ್ನು ನೋಡಿಕೊಂಡರು. "ಆ ಪಟ್ಟಿ ಬಿಟ್ರೆ ಅದು ನಿನ್ನೆ ಟಂಕಿಸಿದ ಹಾಗಿದೆ ಮೇಡಂ. ಹಡಗಿನ ಹಗ್ಗ ಒಂದೊಂದೂ ಎಣಿಸಬಹುದು. ಮೂವತ್ತು ವರ್ಷ ಊರವರ ನಾಣ್ಯಕ್ಕೆಲ್ಲ ದರ್ಜೆ ಹಾಕಿ ವಾಪಸ್ ಕೊಟ್ಟೆ. ಇಂಥದು ಒಂದೇ ಒಂದು ಕೈಗೆ ಬಂತು. ಅದನ್ನ ಕೊಡೋಕೆ ಆಗ್ಲಿಲ್ಲ. ತೊಳೆದು ಕೊಲ್ಲೋಕೂ ಆಗ್ಲಿಲ್ಲ."

ಇನ್ಸ್‌ಪೆಕ್ಟರಮ್ಮ ಅವರಿಗೆ ಚಹಾ ತರಿಸಿದರು. ಮಾರಲು ಯಾರನ್ನೂ ಒರೆಗಲ್ಲು ವಿಚಾರಿಸಿರಲಿಲ್ಲ ಎಂದು ಪೇಟೆಯ ವಿಚಾರಣೆಯಲ್ಲೂ ಖಚಿತವಾಯಿತು.

ಮರುದಿನ ಲೈಟ್‌ಕಂಬ ಕೇಸ್ ಡೈರಿ ಬರೆಯುತ್ತಾ ತಲೆಯೆತ್ತಿದ. "ಮೇಡಂ, ಕೃತ್ಯದ ಉದ್ದೇಶ ಏನಂತ ಬರೀಲಿ? ದುಡ್ಡಿನಾಸೆ?"

"ದುಡ್ಡು ಬಿಡು," ಎಂದರು ಇನ್ಸ್‌ಪೆಕ್ಟರಮ್ಮ. "ಆಸೆ ಅಂತಷ್ಟೇ ಬರಿ."