ಉಸಿರು ಬಿಡು, ಗಂಗಾ!

"ಬಿಡ್ರೀ! ಯಾರ್ರೀ ನೀವು? ಬಿಡ್ರೀ ಅಂದ್ರೆ!"

ಕೆರೆಯ ಮಧ್ಯೆ ತಲೆ ಮೇಲೆತ್ತಿದ ಕೂಡಲೇ ಗಂಗಾಮಣಿ ಕೂಗಿದ ಮೊದಲ ಮಾತು ಇದು. ಅವಳ ಸೊಂಟ ಹಿಡಿದು ಮೇಲಕ್ಕೆ ಎಳೆತಂದ ಗಂಡಸಿಗೆ ಅವಳಿಗಿಂತ ಜಾಸ್ತಿ ಏದುಸಿರು!

"ಮುಳುಗ್ತಾ ಇದ್ರಲ್ಲ ಅಂತ..."

"ಮುಳುಗ್ತಾ ಇರ್ಲಿಲ್ಲ ಕಣ್ರೀ, ಕೆಲ್ಸ ಮಾಡ್ತಾ ಇದ್ದೆ! ಫುಟ್‌ವಾಲ್ವ್‌ನಾಗೆ ಇನ್ನೊಂದು ಹಿಡಿ ಕಸ ಐತೆ. ಈಗ ಮತ್ತೆ ಮುಳುಗ್ಬೇಕು. ದೊಡ್ಡ ಉಪಕಾರ ಮಾಡ್ಬುಟ್ರಿ!"

ಹೆಗ್ಗದ್ದೆಯ ಆ ಎಸ್ಟೇಟಿನಲ್ಲಿ ಕಾಫಿ ಹೂ ಅರಳಿಸಲು ಬೇಸಿಗೆಯಲ್ಲಿ ಕೆರೆಯ ನೀರನ್ನು ಸ್ಪ್ರಿಂಕ್ಲರ್‌ಗೆ ಬಿಡುತ್ತಾರೆ. ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಎಲೆ, ಪಾಚಿ ಕಟ್ಟಿಕೊಂಡರೆ ಪಂಪಿಗೆ ನೀರೇ ಏರದು. ಆಗ ಯಾರಾದರೂ ಉಸಿರು ಕಟ್ಟಿ ತಳಕ್ಕೆ ಇಳಿಯಲೇಬೇಕು. ಮೊದಲು ಅಪ್ಪ ಹುಚ್ಚಣ್ಣ ಇಳಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಸುತ್ತಲಿನ ಕೆರೆಗಳಿಗೆಲ್ಲ ಗಂಗಾಮಣಿಯೇ ಗತಿ.

ಅವಳನ್ನು 'ಕಾಪಾಡಿದ' ಮಹಾನುಭಾವ ಮೋಹನ್. ಮಾರನಹಳ್ಳಿಯವನು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರಂಗಸ್ವಾಮಿಯ ಮಗ. ರಜೆಗೆ ಊರಿಗೆ ಬಂದಿದ್ದ.

"ನಾನು ಕರಾವಳೀಲಿ ಸ್ಕೂಬಾ, ಅಂದ್ರೆ ಗಾಳಿ ಸಿಲಿಂಡರ್ ಕಟ್ಕೊಂಡು ಮುಳುಗೋದು ಕಲಿಸ್ತೀನಿ. ನೀರಲ್ಲಿ ಯಾರಾದ್ರೂ ಅಲ್ಲಾಡದೆ ಇದ್ರೆ ಕೈ ತಾನಾಗೇ ಹೋಗುತ್ತೆ," ಎಂದ ಸಂಕೋಚದಿಂದ.

ಗಂಗಾಮಣಿಯ ಸಿಟ್ಟು ಅಲ್ಲೇ ಇಳಿಯಿತು. 'ದೇವರೇ... ಹುಡುಕ್ತಿದ್ದ ಬಳ್ಳಿ ಕಾಲಿಗೇ ತೊಡರ್ತಲ್ಲ!'

ಬರುವ ವರ್ಷದಿಂದ ಎಲ್ಲ ಎಸ್ಟೇಟುಗಳಿಗೂ ತೇಲುವ ಪಂಪು ಬರುತ್ತಿತ್ತು. ಮುಳುಗುವವರ ಅಗತ್ಯವೇ ಇರುವುದಿಲ್ಲ. ಹಾಸನದ ಗಾರ್ಮೆಂಟ್ಸ್‌ಗೆ ಸೇರಿಕೋ ಎಂದು ಅಮ್ಮ ಈರಮ್ಮ ದಿನಾ ಹೇಳುತ್ತಿದ್ದಳು. ಆದರೆ ಗಂಗಾಮಣಿಗೆ ನೀರು ಬಿಟ್ಟರೆ ಬೇರೇನೂ ಗೊತ್ತಿಲ್ಲ, ಬೇರೇನೂ ಬೇಕಾಗಿಯೂ ಇಲ್ಲ. ವೃತ್ತಿಪರ ಡೈವರ್ ಆಗಬೇಕು. ಅದೊಂದೇ ಆಸೆ!

"ಒಂದು ಶಾಲೆ ನೋಡಿದ್ದೀನಿ. ಒಂದೇ ತಿಂಗಳು, ಕೆಲ್ಸ ಗ್ಯಾರಂಟಿ ಅಂತಾರೆ. ಸೋಮವಾರದವರೆಗೆ ಸೀಟು ಹಿಡಿದಿದ್ದಾರೆ," ಎಂದಳು ಮೊಬೈಲ್ ತೋರಿಸುತ್ತಾ.

ಮೋಹನನ ಮುಖ ಗಂಟಾಯಿತು. "ಒಬ್ಬ ಮೇಷ್ಟ್ರಿಗೆ ಎಷ್ಟು ಜನ ಅಂತ ಕೇಳಿದ್ರಾ? ದೋಣಿ, ಮುಳುಗೋ ಸೂಟು, ಸರ್ಟಿಫಿಕೇಟ್ ಎಲ್ಲ ಆ ದುಡ್ಡಲ್ಲೇನಾ?"

"ಅದೆಲ್ಲ ಕೇಳಿದ್ದಕ್ಕೆ ಸೀಟೇ ಹೋಗ್ಬುಟ್ರೆ?"

"ಪುದುಚೇರೀಲಿ ಒಳ್ಳೇದಿದೆ. ಹಂತಹಂತವಾಗಿ ಕಲಿಸ್ತಾರೆ..."

"ಅಲ್ಲಿಗೆ ನನ್ನ ದುಡ್ಡು ಮೊದಲನೇ ಹಂತಕ್ಕೇ ಮುಗ್ದೋಯ್ತದೆ. ನನಗೆ ಸಿಗೋದು ಇದೊಂದೇ ಕಣ್ರೀ!"

ಅವಳ ಕಣ್ಣು ತುಂಬಿದ್ದು ನೋಡಿ ಮೋಹನ್ ಮೊಬೈಲನ್ನು ಅವಳ ಕೈಗೇ ವಾಪಸ್ ಕೊಟ್ಟ. ಮರುದಿನ ಸಿಲಿಂಡರ್ ಹೊತ್ತುಕೊಂಡು ಕೆರೆಗೇ ಬಂದ. "ಮೊದಲು ಇದರಲ್ಲಿ ಉಸಿರಾಡಿ ನೋಡಿ," ಎಂದು ನಕ್ಕ.

ಆ ನಗು ಅವಳಿಗೆ ಇಷ್ಟವಾಯಿತು. ಅವಳಿಗೆ ಮಾಸ್ಕ್ ಕಟ್ಟುವಾಗ ಅವನು ಕೂದಲನ್ನು ಮೆಲ್ಲಗೆ ಬದಿಗೆ ಸರಿಸಿದ್ದೂ ಇಷ್ಟವಾಯಿತು. ಸುಳ್ಳೇಕೆ?

ಕೆರೆಯ ತಳದಲ್ಲಿ ಕೂತು ಅವಳು ಉಸಿರಾಡಿದಳು... ನೀರೊಳಗೆ ಉಸಿರು! ಮೇಲಿನಿಂದ ಬಿಸಿಲು ಹಸಿರಾಗಿ ಇಳಿಯುತ್ತಿತ್ತು. ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿತು.

ಮೇಲೆ ಹೋಗೋಣ ಎಂದು ಮೋಹನ್ ಸನ್ನೆ ಮಾಡಿದ. ಗಂಗಾಮಣಿ ಅಪ್ಪ ಕಲಿಸಿದಂತೆ ಎದೆ ತುಂಬ ಗಾಳಿ ಎಳೆದು, ಉಸಿರು ಬಿಗಿಹಿಡಿದು, ಮೇಲಕ್ಕೆ ಚಿಮ್ಮಿದಳು.

ಮೋಹನ್ ಅವಳ ಕಾಲು ಹಿಡಿದು ಜಗ್ಗಿದ. ಅವಳು ಉಸಿರು ಬಿಡುವವರೆಗೂ ಭುಜ ಅಲುಗಾಡಿಸಿದ. ದಡಕ್ಕೆ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

"ಮೇಲೆ ಬರ್ತಾ ಉಸಿರು ಬಿಡ್ತಾನೇ ಇರ್ಬೇಕು ಅಂತ ಹೇಳಿರ್ಲಿಲ್ವಾ? ಯಾಕೆ ಕಟ್ಟಿದೆ?"

"ನೀರೊಳಗೆ ಉಸಿರು ಕಟ್ಟೋದೇ ನನ್ನ ಕಸುಬು..."

"ನೀನು ಯಾವ ಶಾಲೆಗೂ ಹೋಗ್ಬೇಡ! ಈ ಕನಸು ಬಿಟ್ಬಿಡು!"

ಅಷ್ಟೇ. ಸಿಲಿಂಡರ್ ಎತ್ತಿಕೊಂಡು ಹೊರಟೇಹೋದ.

ಗಂಗಾಮಣಿ ಒದ್ದೆ ಬಟ್ಟೆಯಲ್ಲೇ ದಡದಲ್ಲಿ ಕುಸಿದಳು. 'ಕೂಲಿ ಲೈನ್ ಮನೆ ಹುಡುಗಿಗೆ ಇದೆಲ್ಲ ಯಾಕೆ ಅನ್ಕೊಂಡ್ರಾ? ಒಂದ್ಸಲ ತಪ್ಪಿದ್ದಕ್ಕೆ ಇಷ್ಟು ಸಿಟ್ಟಾ? ಮಾಸ್ಕ್ ಕಟ್ಟುವಾಗ ಕೂದಲು ಸರಿಸಿದ್ದೆಲ್ಲ ಸುಳ್ಳಾ?' ಅತ್ತಳು. ಅತ್ತು ಸಾಕಾದ ಮೇಲೆ ಹಟ ಹುಟ್ಟಿತು. ಅವರು ಯಾರು ಬೇಡ ಅನ್ನೋಕೆ? ಹೋಗೇ ಹೋಗ್ತೀನಿ!

ಸೋಮವಾರ ಬೆಳಿಗ್ಗೆ ಶಾಲೆಗೆ ಫೋನ್ ಮಾಡಿದಳು.

"ನಿಮ್ಮ ಸೀಟು ಕ್ಯಾನ್ಸಲ್ ಆಗಿದೆಯಲ್ಲ ಮೇಡಂ? ಮೋಹನ್ ಅಂತ ಇನ್‌ಸ್ಟ್ರಕ್ಟರ್ ಫೋನ್ ಮಾಡಿದ್ರು. ನಿಮಗೆ ಡೈವಿಂಗ್ ಆಗಲ್ವಂತೆ. ಬೇರೆಯವರಿಗೆ ಕೊಟ್ಟಾಯ್ತು."

ಅವಳ ಕಿವಿ ಗುಂಯ್ ಎಂದಿತು. ಹಿಂದಿನಿಂದ ಈರಮ್ಮ, "ಹೋಗ್ಲಿ ಬುಡು ಮಗ, ಹಾಸನದ ಬಸ್ಸಿಗೆ ಹೊರಡು," ಎಂದದ್ದು ಎಲ್ಲೋ ದೂರದಲ್ಲಿ ಕೇಳಿಸಿತು. ಎಲ್ಲ ಮುಗಿದುಹೋಯಿತು ಅನ್ನಿಸಿತು. ಅಪ್ಪ ಹೋದ ದಿನವೂ ಇಷ್ಟು ಬರಿದಾಗಿರಲಿಲ್ಲ. ಅವತ್ತು ಕೆರೆಯಾದರೂ ಇತ್ತು.

ಅವಳು ಬಸ್ಸು ಹತ್ತಿದಳು. ಹಾಸನಕ್ಕಲ್ಲ, ಮಾರನಹಳ್ಳಿಗೆ.

"ನನ್ನ ಕತ್ತು ಹಿಸುಕ್ಬುಟ್ರಲ್ರೀ!" ಮೋಹನನ ಮನೆ ಅಂಗಳದಲ್ಲಿ ನಿಂತೇ ಕೂಗಿದಳು. "ನಾನು ನಿಮಗೆ ಏನ್ ಅನ್ಯಾಯ ಮಾಡಿದ್ದೆ?"

ಮೋಹನ್ ಜಗಲಿಯಿಂದ ಇಳಿದು ಬಂದ. ನಿದ್ದೆ ಇಲ್ಲದ ಕಣ್ಣು.

"ನನಗೆ ದೇವೇಂದ್ರ ಅಂತ ಸ್ನೇಹಿತ ಇದ್ದ," ಎಂದ ಮೆಲ್ಲಗೆ. "ನಿನ್ನ ಹಾಗೇ ಹೊಳೇಲಿ ಮುಳುಗಿ ಬೆಳೆದೋನು. ಅಗ್ಗ ಅಂತ ಇಂಥದ್ದೇ ಒಂದು ಶಾಲೆಗೆ ಸೇರ್ದ. ಮೇಷ್ಟ್ರ ಕೈಲಿ ಗುಂಪು ಜನ. ಇವನು ಅಭ್ಯಾಸಬಲದಿಂದ ಉಸಿರು ಕಟ್ಕೊಂಡು ಮೇಲೆ ಬಂದ, ಯಾರೂ ನೋಡ್ಲಿಲ್ಲ. ಸಿಲಿಂಡರ್ ಗಾಳಿ ಮೇಲೆ ಬರ್ತಾ ಎದೆಯೊಳಗೆ ಹಿಗ್ಗುತ್ತೆ ಗಂಗಾ. ಬಿಡದೆ ಇದ್ರೆ ಶ್ವಾಸಕೋಶ ಒಡೆದುಹೋಗುತ್ತೆ. ದಡಕ್ಕೆ ತಂದಾಗ ಬಾಯ್ತುಂಬ ರಕ್ತ... ಅವತ್ತು ಕೆರೇಲಿ ನಿನ್ನ ಮುಖದ ಜಾಗದಲ್ಲಿ ಅವನ ಮುಖ ಕಾಣಿಸ್ತು."

ಗಂಗಾಮಣಿ ತನ್ನ ಎದೆ ಮುಟ್ಟಿ ನೋಡಿಕೊಂಡಳು. ಆಮೇಲೆ ತಲೆ ಎತ್ತಿದಳು.

"ಇದನ್ನ ಅವತ್ತೇ ಹೇಳ್ಬೋದಿತ್ತು. ಹೇಳಿ 'ಬೇಡ' ಅನ್ನೋದು ಬೇರೆ, ನನ್ನ ಕೇಳ್ದೆ ಸೀಟು ತೆಗ್ಸೋದು ಬೇರೆ. ಹೆದ್ರಿಕೆ ನಿಮ್ದು, ಬದುಕು ನಂದು!"

"ತಪ್ಪಾಯ್ತು..."

"ತಪ್ಪಾಯ್ತು ಅಂದ್ರೆ ಸಾಲ್ದು. ಕಲ್ಸಿ. ನಡೀರಿ ಕೆರೆಗೆ!"

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಅಪ್ಪ ಕಲಿಸಿದ ಉಸಿರಿನ ಬಿಗಿ ಹೋಗುವುದೂ ಸುಲಭವಿರಲಿಲ್ಲ. ಸೊಂಟದಾಳದ ನೀರಿನಿಂದ ಮೊದಲು ಮಾಡಿದರು. ಮೇಲೇಳುವಾಗೆಲ್ಲ ಎದೆ ತಾನಾಗೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಅವಳು ನೀರನ್ನು ಗುದ್ದಿ ಅಳುತ್ತಿದ್ದಳು.

"ರಾಗ ಎಳೀತಾ ಬಾ," ಎಂದ ಮೋಹನ್. "ಸದ್ದು ಬರ್ತಿದ್ರೆ ಉಸಿರು ಹೋಗ್ತಿದೆ ಅಂತ ಅರ್ಥ."

ನಡುವೆ ಅವಳೇ ಪುದುಚೇರಿಯ ಶಾಲೆಗೆ ಫೋನ್ ಮಾಡಿದಳು. ಈ ಸಲ ಹೆದರದೆ ಎಲ್ಲ ಕೇಳಿದಳು. ಒಬ್ಬ ಮೇಷ್ಟ್ರಿಗೆ ಎಷ್ಟು ಜನ? ಸೂಟು ಯಾರದು? ಕೊನೆಗೆ, "ಮುಂದಿನ ಹಂತಗಳಿಗೆ ನನ್ನ ಹತ್ರ ದುಡ್ಡಿಲ್ಲ ಮೇಡಂ. ಪಂಪು, ಮೋಟರ್ ಬಿಚ್ಚಿ ಜೋಡಿಸೋಕೆ ಬರ್ತದೆ. ಕೆಲ್ಸ ಮಾಡ್ಕೊಂಡು ಕಲೀಬೋದಾ?" ಎಂದಳು.

ಆ ಕಡೆಯ ಹೆಂಗಸು ಯಾವ ಯಾವ ಮೋಟರ್ ಎಂದು ವಿಚಾರಿಸಿಕೊಂಡಳು. "ಸಿಲಿಂಡರ್ ತುಂಬೋ ಕಂಪ್ರೆಸರ್ ರೂಮಿಗೆ ಜನ ಬೇಕಾಗಿದ್ದಾರೆ. ಮೊದಲನೇ ಹಂತ ಪಾಸ್ ಮಾಡು, ಆಮೇಲೆ ಕೆಲಸ ಕೊಡ್ತೀವಿ."

ಈರಮ್ಮ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ದಾರಿಗೆಂದು ಚಕ್ಕುಲಿ ಕರಿದಳು.

ಹೊರಡುವ ದಿನ ಬೆಳಿಗ್ಗೆ ಕೊನೆಯ ಪರೀಕ್ಷೆ. ಕೆರೆಯ ತಳದಿಂದ ಗಂಗಾಮಣಿ ಮೆಲ್ಲಗೆ ಮೇಲೇರಿದಳು. ಗುಳ್ಳೆಗಳು ಒಂದು ಕ್ಷಣವೂ ನಿಲ್ಲಲಿಲ್ಲ. ಅವಳ ಗಂಟಲಿನ ರಾಗವೂ ನಿಲ್ಲಲಿಲ್ಲ.

"ಗೆದ್ದೆ ಕಣೇ!" ಮೋಹನ್ ನೀರಲ್ಲೇ ಕುಣಿದ. "ಆದ್ರೆ ಅದೇನ್ ರಾಗ ಮಾರಾಯ್ತಿ? ಕರು ಕೂಗ್ದಂಗಿತ್ತು!"

"ಕರುನಾ? ಅದು ಅರ್ಧ ಹೆಸ್ರು ಕಣ್ರೀ. ನೀರೊಳಗೆ 'ಮೋ...' ಅನ್ನೋವರೆಗೇ ಆಗೋದು."

"ಮಿಕ್ಕ ಅರ್ಧ?"

ಅವಳು ಅವನ ಕಿವಿಯ ಹತ್ತಿರ ಬಂದಳು. "...ಹನ್."

ಅವನು ಕಲ್ಲಾಗಿ ನಿಂತ.

"ಉಸಿರು ಬಿಡಿ ಮೇಷ್ಟ್ರೇ," ಅವಳು ನಕ್ಕಳು. "ಕಟ್ಟಿದ್ರೆ ಎದೆ ಒಡೀತದಂತೆ."

"ಅವತ್ತು ಅಷ್ಟು ಹೆದರಿದ್ದು ದೇವೇಂದ್ರನ ನೆನಪಿಗೆ ಮಾತ್ರ ಅಲ್ಲ ಗಂಗಾ... ನೀನು ಅಂತ. ನಿನ್ನ ಕಳ್ಕೊಂಡ್ರೆ ಅಂತ," ಎಂದ ಅವನು. "ಪುದುಚೇರೀಲಿ ನಾನೂ ಕೆಲಸ ಹುಡುಕ್ಲಾ? ನೀನು ಬೇಡ ಅಂದ್ರೆ ಬರಲ್ಲ."

ಗಂಗಾಮಣಿ ಅವನ ಒದ್ದೆ ಕೈ ಹಿಡಿದುಕೊಂಡಳು.

"ಈ ಸಲ ಕೇಳಿದ್ರಲ್ಲ... ಬನ್ನಿ."